ರಕ್ತನಾಳಕ್ಕೊಂದು ಬಾಗಿಲು

ದೀರ್ಘವ್ಯಾಧಿ ಪೀಡಿತರ ಕೈಯ ರಕ್ತನಾಳಗಳು ಪದೇ ಪದೇ ಸೂಜಿ ಚುಚ್ಚಿಸಿಕೊಂಡು ಸೋತುಹೋಗುತ್ತವೆ. 1973ರಲ್ಲಿ ಅಮೆರಿಕದ ಸಿಯಾಟಲ್‌ನ ಡಾ. ಬ್ರೋವಿಯಾಕ್ ಮತ್ತು ಸಂಗಡಿಗರು ಎದೆಯ ಚರ್ಮದಡಿ ಹಾದು ಹೃದಯ ತಲಪುವ ಸಿಲಿಕೋನ್ ಕೊಳವೆಯನ್ನು ಪರಿಚಯಿಸಿದರು; ಉಣ್ಣಲಾರದವರಿಗೆ ಮನೆಯಲ್ಲಿಯೇ ಪೋಷಣೆ ದೊರೆಯಿತು. 1979ರಲ್ಲಿ ಡಾ. ಹಿಕ್ಮನ್ ಅಸ್ಥಿಮಜ್ಜೆ ಕಸಿಯ ರೋಗಿಗಳಿಗಾಗಿ ಅದನ್ನು ಹಿಗ್ಗಿಸಿದರು. 1982ರ ಹೊತ್ತಿಗೆ ಚರ್ಮದಡಿಯೇ ಅಡಗುವ ‘ಪೋರ್ಟ್’ ಬಂದಿತು.

ತೋಳಿನಿಂದ ಸೇರಿಸುವ ‘ಪಿಕ್’ ಕೊಳವೆ ಸುಲಭ, ಆದರೆ ಒದ್ದೆಯಾಗದಂತೆ ಕಾಯಬೇಕು. ಪೋರ್ಟ್‌ಗೆ ಶಸ್ತ್ರಚಿಕಿತ್ಸೆಯೂ ಪ್ರತಿಸಲ ಸೂಜಿಯೂ ಬೇಕು. ಚಿಕಿತ್ಸೆಯಿಲ್ಲದ ದಿನಗಳಲ್ಲಿ ಸ್ನಾನ ನಿರಾತಂಕ. ಮೂತ್ರಪಿಂಡ ರೋಗಿಗಳಾದರೋ ಮುಂದಿನ ಡಯಾಲಿಸಿಸ್‌ಗಾಗಿ ತೋಳಿನ ನಾಳಗಳನ್ನು ಉಳಿಸಿಕೊಳ್ಳಬೇಕು.

ಬಾರ್ತಿಮಾಯನನ್ನು ಗುಣಪಡಿಸುವ ಮುನ್ನ ಪ್ರಭು ಅವನ ಇಚ್ಛೆಯನ್ನು ಕೇಳಿದರು. ರೋಗಿಯ ಪರವಾಗಿ ತೀರ್ಮಾನಿಸಲು ಆತುರಪಡುವ ನಾವೂ ಮೊದಲು ಕೇಳೋಣ.