ಮನೆ ದುರಸ್ತಿ: ಕೆಲಸಕ್ಕೆ ಮುನ್ನ ತಿಳಿಯಬೇಕಾದ ಅಂಶಗಳು

ನವಲಗುಂದ, ಅಣ್ಣಿಗೇರಿ ಹಾಗೂ ಕುಂದಗೋಳ ಭಾಗದ ಎರೆಭೂಮಿಯಲ್ಲಿ ಮನೆ ದುರಸ್ತಿ ಕೈಗೊಳ್ಳುವ ಗ್ರಾಮಸ್ಥರ ಮಾಹಿತಿಗಾಗಿ ಈ ಕೆಳಗಿನ ವಿವರ ನೀಡಲಾಗಿದೆ.

ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗುತ್ತದೆ. ಗೋಡೆಯ ಬಿರುಕಿಗೆ ಸಿಮೆಂಟ್ ಮೆತ್ತಿದ ಮಾತ್ರಕ್ಕೆ ಅದು ನಿಲ್ಲದು. ಬುನಾದಿಯ ಬದಿಗೆ ನೀರು ನಿಲ್ಲದಂತೆ ಮೊದಲು ಚರಂಡಿ ಮಾಡಿಸತಕ್ಕದ್ದು. ಹೊಸ ಕೋಣೆಯ ಬುನಾದಿಯನ್ನು ಎರೆಪದರ ದಾಟಿ ಗಟ್ಟಿ ನೆಲದವರೆಗೆ ತೆಗೆಸಿ, ಅಗೆದ ಮಣ್ಣಿನ ಬದಲು ಗರಸು ತುಂಬಿಸುವುದು.

ಮಣ್ಣಿನ ಮಾಳಿಗೆ ಸೋರಿದಾಗ ಹಳೆಯದನ್ನು ತೆಗೆಯದೆ ಮೇಲೆ ಹೊಸ ಮಣ್ಣು ಹಾಕುವುದುಂಟು. ಮಳೆಯಲ್ಲಿ ನೆನೆದ ಆ ಭಾರಕ್ಕೆ ಹುಳು ತಿಂದ ಜಂತಿ ಮುರಿದಲ್ಲಿ ಒಳಗೆ ಮಲಗಿದವರ ಪ್ರಾಣಕ್ಕೇ ಅಪಾಯ. ಆದ್ದರಿಂದ ಇರುವ ಹಣವನ್ನು ಮೊದಲು ಜಂತಿ, ತೊಲೆಗಳಿಗೆ ವಿನಿಯೋಗಿಸುವುದು. ಸುಣ್ಣ ಬಣ್ಣ ಆಮೇಲೆ. ಕಲಘಟಗಿ ಕಡೆಯ ಹಂಚಿನ ಮನೆಗಳಿಗೆ ಈ ಭಾರದ ತೊಂದರೆಯಿಲ್ಲ; ಮಳೆಗೆ ಮುನ್ನ ಒಡೆದ ಹಂಚು ಬದಲಿಸಿಕೊಳ್ಳತಕ್ಕದ್ದು.

ಕಟ್ಟಡದ ವಿಸ್ತರಣೆ ಅಥವಾ ಮಾರ್ಪಾಡಿಗೆ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದಂತೆ ಗ್ರಾಮ ಪಂಚಾಯತಿಯ ಅನುಮತಿ ಪಡೆಯತಕ್ಕದ್ದು. ಪಟ್ಟಣ ವ್ಯಾಪ್ತಿಯವರು ಪುರಸಭೆ ಅಥವಾ ಪಟ್ಟಣ ಪಂಚಾಯತಿಗೆ ಅರ್ಜಿ ಸಲ್ಲಿಸುವುದು. ಆಸ್ತಿಯು ತೀರಿಹೋದ ಹಿರಿಯರ ಹೆಸರಿನಲ್ಲೇ ಉಳಿದಿದ್ದಲ್ಲಿ, ಮೊದಲು ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳುವುದು ಲೇಸು.

ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ)ಯ 1,20,000 ರೂ. ನೆರವು ಹೊಸ ಮನೆಗೆ ಮಾತ್ರ, ದುರಸ್ತಿಗೆ ಅನ್ವಯಿಸದು.

2019ರ ಆಗಸ್ಟ್‌ನಂತಹ ಮಳೆಗೆ ಗೋಡೆ ಕುಸಿದಲ್ಲಿ ಮನೆಯವರು ಕೂಡಲೇ ಹೊರಬಂದು, ಗ್ರಾಮ ಆಡಳಿತಾಧಿಕಾರಿಗಳಿಗೆ ತಿಳಿಸತಕ್ಕದ್ದು. ಹಾನಿಯ ಪ್ರಮಾಣ ನೋಡಿಯೇ ಪರಿಹಾರ ನಿಗದಿಯಾಗುವುದರಿಂದ, ಛಾಯಾಚಿತ್ರ ತೆಗೆಯದೆ ಬಿದ್ದ ಮಣ್ಣನ್ನು ತೆರವುಗೊಳಿಸಬಾರದು.