ಕರೆಗೆ ಓಗೊಟ್ಟವರು, ಬೆಲೆ ತೆತ್ತವರು: ಬಾಸೆಲ್ ಮಿಷನ್ ಮತ್ತು ಆನಂದರಾವ್ ಕೌಂಡಿನ್ಯ

ದೇವರ ಕರೆಗೆ ಓಗೊಡುವುದನ್ನು ಕ್ರೈಸ್ತ ಬರಹಗಳು ಹೆಚ್ಚಾಗಿ ಒಬ್ಬ ವ್ಯಕ್ತಿಯ ಅಂತರಂಗದ ಕಥೆಯಾಗಿ ಹೇಳುತ್ತವೆ. ಮೋಶೆ ತನಗೆ ಮಾತು ಬಾರದೆಂದು ಹಿಂಜರಿಯುತ್ತಾನೆ, ಯೋನ ಹಡಗು ಹತ್ತಿ ಓಡಿಹೋಗುತ್ತಾನೆ, ಕೊನೆಗೆ ಇಬ್ಬರೂ ಹೇಳಿದಲ್ಲಿಗೆ ಹೋಗುತ್ತಾರೆ. ಮಿಷನರಿಗಳ ಜೀವನಚರಿತ್ರೆಗಳೂ ಇದೇ ಜಾಡು ಹಿಡಿದವು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ನೆಲೆಯೂರಿದ ಮೊದಲ ಮೂರು ದಶಕಗಳನ್ನು ಹತ್ತಿರದಿಂದ ನೋಡಿದರೆ ಈ ಕಥನ ಸಾಲದು ಅನ್ನಿಸುತ್ತದೆ. ಅಲ್ಲಿ ಕರೆ ಒಂದೇ ಆಗಿದ್ದರೂ ಅದಕ್ಕೆ ಬೇಕಾದ ಧೈರ್ಯ ಒಬ್ಬೊಬ್ಬರಿಗೆ ಒಂದೊಂದು ಬಗೆಯದು. ಕಸುಬು, ಕಾನೂನು, ಸಂಬಳ, ಮದುವೆ ಇವೆಲ್ಲ ಸೇರಿ ಅದರ ಬೆಲೆ ಗೊತ್ತುಮಾಡುತ್ತಿದ್ದವು.

ಮೊದಲು ಕರೆದವರ ಕಡೆ ನೋಡೋಣ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹುಟ್ಟಿದ ಈ ಸಂಸ್ಥೆಗೆ ಜೀವ ತುಂಬಿದ್ದು ಹತ್ತಿರದ ಜರ್ಮನ್ ರಾಜ್ಯ ವೂರ್ಟೆಂಬರ್ಗಿನ, ವೈಯಕ್ತಿಕ ಭಕ್ತಿಗೆ ಒತ್ತು ಕೊಡುವ ಪಯಟಿಸ್ಟ್ ಪಂಥದ ಕುಟುಂಬಗಳು. ಸೆಮಿನರಿಗೆ ಅರ್ಜಿ ಹಾಕುವ ತರುಣ ತನ್ನ ಕೈಯಾರೆ ಜೀವನವೃತ್ತಾಂತ ಬರೆದು ಕೊಡಬೇಕಿತ್ತು: ಪಾಪದ ಅರಿವು ಎಂದು ಮೂಡಿತು, ಕರೆ ಹೇಗೆ ಕೇಳಿಸಿತು, ಮನಸ್ಸು ಎಲ್ಲಿ ಅಳುಕಿತು. ಹಾಗೆ ಬರೆದದ್ದನ್ನು ಮಿಷನ್ನಿನ ಆಡಳಿತ ಕಮಿಟಿ ತೂಗಿ ನೋಡುತ್ತಿತ್ತು. ಒಳಗಿನ ಕರೆ ಎಷ್ಟೇ ಗಟ್ಟಿಯಾಗಿದ್ದರೂ ಹೊರಗಿನವರು ಒಪ್ಪದೆ ಅದು ಪೂರ್ಣವಾಗದು ಎಂಬ ಹಳೆಯ ಪ್ರೊಟೆಸ್ಟೆಂಟ್ ನಂಬಿಕೆ ಇದರ ಹಿಂದಿತ್ತು. ಒಮ್ಮೆ ಒಪ್ಪಿಗೆ ಸಿಕ್ಕಿತೆಂದರೆ ಹಲವು ವರ್ಷಗಳ ಶಿಕ್ಷಣ, ಹಡಗಿನ ಖರ್ಚು, ನೆಲೆಗೆ ಹೋದ ಮೇಲೆ ಜೀವನಕ್ಕೆ ಬೇಕಾದಷ್ಟು ಹಣ, ಎಲ್ಲದಕ್ಕೂ ವ್ಯವಸ್ಥೆ ಇತ್ತು. ರೈತರ, ಕುಶಲಕರ್ಮಿಗಳ ಮಕ್ಕಳಿಗೆ ಇದು ಊರಿನಲ್ಲಿ ಕನಸಿಗೂ ನಿಲುಕದ ಸ್ಥಾನಮಾನ. ಹಾಗಂತ ಅವರ ಧೈರ್ಯವನ್ನು ಹಗುರ ಮಾಡಲಾಗದು. ಜ್ವರಕ್ಕೆ, ಭೇದಿಗೆ ಬಲಿಯಾದ ಎಳೆಯ ಮಿಷನರಿಗಳ, ಅವರ ಮಡದಿ ಮಕ್ಕಳ ಸಮಾಧಿಗಳು ಕರಾವಳಿಯುದ್ದಕ್ಕೂ ಇವೆ.

1834ರಲ್ಲಿ ಸಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಎರಡು ವರ್ಷಗಳ ಬಳಿಕ ಬಂದ ಹೆರ್ಮನ್ ಮೊಗ್ಲಿಂಗ್ ಬೇರೆ ತರದ ಮನುಷ್ಯ. ಟ್ಯೂಬಿಂಗನ್ನಿನಲ್ಲಿ ದೇವತಾಶಾಸ್ತ್ರ ಓದಿದವನು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದವನೆಂದು ನಮಗೆಲ್ಲ ಪರಿಚಿತ. ಪತ್ರಿಕೆ ಶುರುವಾದ ಆರೇ ತಿಂಗಳಿಗೆ ಅವನ ಸುತ್ತ ನಡೆದ ಇನ್ನೊಂದು ಘಟನೆಗೆ ಪತ್ರಿಕೋದ್ಯಮದ ಚರಿತ್ರಕಾರರು ಅಷ್ಟಾಗಿ ಗಮನ ಕೊಟ್ಟಿಲ್ಲ.

1844ರ ಜನವರಿ 6ರಂದು ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದ. ಜೊತೆಗೆ ಇನ್ನಿಬ್ಬರು ಬ್ರಾಹ್ಮಣ ಯುವಕರಿದ್ದರು. ಆನಂದರಾವ್ ಹುಟ್ಟಿದ್ದು 1825ರಲ್ಲಿ, ಅಂದರೆ ಆಗ ಹತ್ತೊಂಬತ್ತರ ಆಸುಪಾಸು. ಊರಲ್ಲಿ ದೊಡ್ಡ ಗುಲ್ಲೆದ್ದಿತು. ಮನೆಯವರು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಈ ತರುಣನಿಗೆ ಕಮಿಟಿಯೂ ಇರಲಿಲ್ಲ, ಕಾನೂನಿನ ಆಸರೆಯೂ ಇರಲಿಲ್ಲ. ಮತಾಂತರವಾದರೂ ಪಿತ್ರಾರ್ಜಿತ ಆಸ್ತಿಯ ಹಕ್ಕು ಹೋಗದು ಎಂದು ಕಂಪನಿ ಸರ್ಕಾರ ಇಡೀ ದೇಶಕ್ಕೆ ಕಾಯಿದೆ ಮಾಡಿದ್ದು 1850ರಲ್ಲಿ. ಆರು ವರ್ಷ ಮೊದಲೇ ನೀರಿಗಿಳಿದ ಆನಂದರಾಯ ಮನೆ, ಜಾತಿ, ಪಾಲಿನ ಆಸ್ತಿ ಮೂರನ್ನೂ ಕಳೆದುಕೊಳ್ಳಲು ಸಿದ್ಧನಾಗಿಯೇ ಇಳಿದಿದ್ದ. ಹೊಸ ಹೆಸರಾಗಿ ತನ್ನ ಗುರುವಿನ 'ಹೆರ್ಮನ್' ಅನ್ನು ಮುಂದಿಟ್ಟುಕೊಂಡ. ಗೋತ್ರದ ಹೆಸರನ್ನು ಮಾತ್ರ ಸಾಯುವವರೆಗೂ ಬಿಡಲಿಲ್ಲ.

ಬಾಲ್ಯದಲ್ಲೇ ಮದುವೆಯಾಗಿದ್ದ ಅವನ ಹೆಂಡತಿ ಅವನ ಹಿಂದೆ ಬರಲಿಲ್ಲ. ಗಂಡನ ಕರೆಯಿಂದಾಗಿ ಆಕೆ ಇತ್ತ ಮುತ್ತೈದೆಯೂ ಅಲ್ಲ, ಅತ್ತ ವಿಧವೆಯೂ ಅಲ್ಲ ಎಂಬ ಸ್ಥಿತಿಗೆ ಬಂದಳು. ಮನೆಯವರ ಜೊತೆಗೇ ಉಳಿದ ಆ ಹುಡುಗಿಯದ್ದೂ ಒಂದು ನಿಷ್ಠೆಯೇ. ಮಿಷನ್ ಬರಹಗಳು ಅದನ್ನು ಹಟವೆಂದೋ ಬಂಧುಗಳ ಒತ್ತಾಯವೆಂದೋ ಎಣಿಸುವುದು ಸುಲಭ. ಕರೆಯ ಚರಿತ್ರೆ ಬರೆಯುವವರು ಆಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

1846ರಲ್ಲಿ ಮೊಗ್ಲಿಂಗ್ ಆನಂದರಾಯನನ್ನು ಯೂರೋಪಿಗೆ ಕರೆದುಕೊಂಡು ಹೋದ. ಬಾಸೆಲ್ ಸೆಮಿನರಿಯಲ್ಲಿ ಓದಿದ ಆತನಿಗೆ 1851ರಲ್ಲಿ ವೂರ್ಟೆಂಬರ್ಗಿನ ಲಿಯೋನ್‌ಬರ್ಗ್‌ನಲ್ಲಿ ಪಾದ್ರಿ ಪಟ್ಟವಾಯಿತು. ಮಂಗಳೂರಿಗೆ ಮರಳಿದ್ದು ಉಪದೇಶಿಯಾಗಿ ಅಲ್ಲ, ಬಿಳಿಯ ಸಹೋದ್ಯೋಗಿಗಳಿಗೆ ಸಮನಾದ ಮಿಷನರಿಯಾಗಿ. 1860ರಲ್ಲಿ ಮೇರಿ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣುಮಗಳನ್ನು ಮದುವೆಯಾದ. ಬಾಸೆಲ್ ಮಿಷನರಿಗಳ ಮದುವೆ ಕಮಿಟಿಯ ಒಪ್ಪಿಗೆಯ ಮೇಲೆ ನಡೆಯುತ್ತಿತ್ತು. ಎಷ್ಟೋ ವಧುಗಳು ವರನ ಮುಖವನ್ನೇ ನೋಡದೆ ಹಡಗು ಹತ್ತುತ್ತಿದ್ದರು, ಅದನ್ನೂ ದೇವರ ಕರೆಯೆಂದೇ ತಿಳಿದು. 1857ರ ದಂಗೆ ಮುಗಿದು ಇನ್ನೂ ಬಿಸಿ ಆರದ ಆ ಹೊತ್ತಿನಲ್ಲಿ ಭಾರತೀಯನೊಬ್ಬನ ಮನೆ ತುಂಬಲು ಬಂದ ಮೇರಿಯ ಎದೆಗಾರಿಕೆ ಅವಳ ಗಂಡನದಕ್ಕಿಂತ ಕಡಿಮೆಯದೆಂದು ನನಗೆ ಅನ್ನಿಸುವುದಿಲ್ಲ.

ಮೊಗ್ಲಿಂಗನ ಧೈರ್ಯಕ್ಕೆ ನಿಜವಾದ ಪರೀಕ್ಷೆ ಬಂದದ್ದು ಮಂಗಳೂರಿನಲ್ಲಲ್ಲ, ಕೊಡಗಿನಲ್ಲಿ. ಆರೋಗ್ಯ ಕೆಟ್ಟು ಊರಿಗೆ ಹೊರಡುವ ಯೋಚನೆಯಲ್ಲಿದ್ದವನ ಬಳಿಗೆ ಸೋಮಯ್ಯ ಎಂಬ ಕೊಡವ ಬಂದ. ಆ ಭೇಟಿ ಅವನನ್ನು ಕೊಡಗಿನತ್ತ ತಿರುಗಿಸಿತು; ಆದರೆ ಕೊಡಗಿಗೆ ಹೋಗುವುದು ಕಮಿಟಿಯ ಯೋಜನೆಯಲ್ಲಿರಲಿಲ್ಲ. ಮೊಗ್ಲಿಂಗ್ ಸಂಸ್ಥೆಯ ಹಣಕ್ಕೆ ಕಾಯದೆ ಸ್ವಂತ ಹೊಣೆಯ ಮೇಲೆ 1853ರಲ್ಲಿ ಘಟ್ಟ ಹತ್ತಿ ಆಲ್ಮಂಡದಲ್ಲಿ, ಮಡಿಕೇರಿಯಲ್ಲಿ ಕೆಲಸ ಶುರುಮಾಡಿದ. ಒಳಗಿನ ಕರೆ ಹೊರಗಿನ ಒಪ್ಪಿಗೆಯನ್ನು ಮೀರಿ ನಡೆದ ಅಪರೂಪದ ಪ್ರಸಂಗ ಇದು. ಕೆಲವು ವರ್ಷಗಳ ನಂತರ ಕಮಿಟಿ ಆ ಕೆಲಸವನ್ನು ತನ್ನದಾಗಿಸಿಕೊಂಡಿತು. ಮುಂದೆ ಕನ್ನಡ ನಿಘಂಟಿನ ಕೆಲಸಕ್ಕೆ ಮನಸೋತು ಮೇಲಿನವರ ಅಸಮಾಧಾನ ಕಟ್ಟಿಕೊಂಡ ಬಾಸೆಲ್ ಮಿಷನರಿ ಕಿಟ್ಟೆಲ್‌ನದೂ ಇದೇ ಜಾತಿಯ ಅವಿಧೇಯತೆ; ಅದರ ಫಲವನ್ನು, ನಿಘಂಟು ಅಚ್ಚಾದ 1894ರಿಂದ, ನಾವು ಉಣ್ಣುತ್ತಿದ್ದೇವೆ.

ಈ ಹೆಸರಾಂತವರ ಆಚೆಗೆ ನೂರಾರು ಹೆಸರಿಲ್ಲದವರಿದ್ದಾರೆ. ತುಳುನಾಡಿನಲ್ಲಿ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹಳ. ಅವರ ಕಸುಬಾದ ಮೂರ್ತೆಯನ್ನು, ಅಂದರೆ ಕಳ್ಳು ಇಳಿಸುವ ಕೆಲಸವನ್ನು, ಸಭೆ ಒಪ್ಪುತ್ತಿರಲಿಲ್ಲ, ಹಾಗಾಗಿ ತಾಳೆಮರದ ಜೊತೆ ಅನ್ನವೂ ಹೋಯಿತು. ಭೂತಕ್ಕೆ ಸಲ್ಲಬೇಕಾದ ಸೇವೆ ನಿಲ್ಲಿಸಿದ ಒಕ್ಕಲನ್ನು ಒಡೆಯ ಭೂಮಿಯಿಂದ ಏಳಿಸಬಹುದಿತ್ತು. ಮಂಗಳೂರಿನ ನೇಯ್ಗೆ ಮಗ್ಗಗಳಿಗೂ 1865ರಲ್ಲಿ ಪ್ಲೆಬ್ಸ್ಟ್ ಶುರುಮಾಡಿದ ಹೆಂಚಿನ ಕಾರ್ಖಾನೆಗೂ ಹೀಗೆ ಅನ್ನ ಕಳೆದುಕೊಂಡವರಿಗೆ ಕೆಲಸ ಕೊಡಬೇಕಾದ ಅಗತ್ಯವೇ ಮೂಲ. ಕಾರ್ಖಾನೆಯ ಕೂಲಿ ಸಿಕ್ಕಿತು, ಜೊತೆಗೆ ಹೊಸ ಒಡೆಯನೂ ಸಿಕ್ಕ: ಕೆಲಸ ಕೊಡುವವರು, ಸಭೆಯ ಶಿಸ್ತು ನೋಡುವವರು ಇಬ್ಬರೂ ಒಂದೇ ಮಿಷನ್ನಿನವರು.

ಕೊಡಗಿನಲ್ಲಿ, ಅಮ್ಮತ್ತಿಯ ಬಳಿ, ಕೌಂಡಿನ್ಯ ತನ್ನ ಹಣದಿಂದ ಕೊಂಡ ಜಾಗದಲ್ಲಿ ಜೀತದ ನೆರಳಿನಿಂದ ಹೊರಬಂದ ದಲಿತ ಕುಟುಂಬಗಳ ವಸತಿ ಎದ್ದಿತು. ಅವನ ಹೆಸರಿನಿಂದಲೇ ಅದು ಆನಂದಪುರವಾಯಿತು. ಜೀತವನ್ನು ಕಾನೂನು ಗುರುತಿಸದೆಂದು ಸರ್ಕಾರ ಸಾರಿದ್ದು 1843ರಲ್ಲೇ ಆದರೂ ಗದ್ದೆಯಲ್ಲಿ ಆ ಮಾತು ನಡೆಯಲು ದಶಕಗಳು ಬೇಕಾದವು. ಇಂಥವರು ಸಭೆಗೆ ಬಂದಾಗಲೆಲ್ಲ ಮಿಷನರಿಗಳಲ್ಲಿ ಒಂದು ಸಂಶಯ ಏಳುತ್ತಿತ್ತು: ಇವರು ಬಂದದ್ದು ದೇವರ ಕರೆಗೋ, ಹೊಟ್ಟೆಯ ಕರೆಗೋ? ಇಂದಿಗೂ ಮತಾಂತರದ ಚರ್ಚೆಯಲ್ಲಿ ಇದೇ ಪ್ರಶ್ನೆ ಬಗೆಬಗೆಯಾಗಿ ಮರಳುತ್ತದೆ. ಆದರೆ ಬಾಸೆಲ್ ಸೆಮಿನರಿಯ ಬಾಗಿಲು ತಟ್ಟಿದ ನೇಕಾರನ ಮಗನೂ ಓದು, ಗೌರವ, ಊಟ ಮೂರನ್ನೂ ಪಡೆದವನೇ. ಅವನ ಬದುಕು ಮೇಲೇರಿತೆಂದು ಅವನ ಕರೆ ಸುಳ್ಳಾಗಲಿಲ್ಲ. ಒಡೆಯನ ಕಣದಿಂದ ರಾತ್ರೋರಾತ್ರಿ ಎದ್ದುಬಂದವರಿಗೆ ಮಾತ್ರ ಬೇರೆ ಅಳತೆಗೋಲು ಹಿಡಿಯಲು ಚರಿತ್ರಕಾರರಿಗೆ ಕಾರಣವೇನೂ ಇಲ್ಲ.