ಗಾಲಿ ಅಗಲವಾದ ಕತೆ

ವಾಹನಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎಂಜಿನ್ನಿನ ಸುತ್ತಲೇ ಸುತ್ತುತ್ತಾರೆ. ಎಷ್ಟು ಕುದುರೆಯ ಶಕ್ತಿ, ಎಷ್ಟು ವೇಗ ಎಂದು ಲೆಕ್ಕ ಹಾಕುತ್ತಾರೆ. ಆದರೆ ಗಾಡಿಯಲ್ಲಿ ನೆಲವನ್ನು ಮುಟ್ಟುವುದು ಗಾಲಿಯೊಂದೇ. ಭಾರ ಹೊರುವುದೂ ಅದೇ, ಕಲ್ಲುಮುಳ್ಳು ತುಳಿಯುವುದೂ ಅದೇ. ಇಷ್ಟಾದರೂ ಚರಿತ್ರೆಯ ಪುಸ್ತಕದಲ್ಲಿ ಅದಕ್ಕೆ ಸಿಗುವುದು ಒಂದೆರಡು ಸಾಲು.

ನಮ್ಮ ಎತ್ತಿನ ಗಾಡಿಯ ಗಾಲಿಯನ್ನು ನೆನಪಿಸಿಕೊಳ್ಳಿ. ಬಡಗಿ ಗುಂಬ ಕಡೆದು, ಅರಗಳನ್ನು ಕೂರಿಸಿ, ಸುತ್ತು ಕಟ್ಟುತ್ತಿದ್ದ. ಆಮೇಲೆ ಕಮ್ಮಾರನ ಸರದಿ. ಕಬ್ಬಿಣದ ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ ನೀರು ಸುರಿದರೆ, ಅದು ಕುಗ್ಗಿ ಇಡೀ ಗಾಲಿಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಲೋಹ ಶಾಖಕ್ಕೆ ಹಿಗ್ಗುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತರಗತಿಯಲ್ಲಿ ಸಿಕ್ಕಿಲ್ಲ. ಆದರೆ ಆ ಪಟ್ಟಿ ಕಿರಿದು. ಭಾರವೆಲ್ಲ ಕಿರಿದಾದ ಜಾಗದ ಮೇಲೆ ಬಿದ್ದು ರಸ್ತೆ ಸೀಳುತ್ತಿತ್ತು. ಇದು ನಮ್ಮ ದೇಶದ ತೊಂದರೆಯೊಂದೇ ಅಲ್ಲ. ಇಂಗ್ಲೆಂಡಿನಲ್ಲಿ 1753ರಷ್ಟು ಹಿಂದೆಯೇ ಒಂದು ಕಾಯಿದೆ ಬಂದು, ಸುಂಕದ ರಸ್ತೆಗಳಲ್ಲಿ ಓಡುವ ಭಾರಿ ಬಂಡಿಗಳ ಗಾಲಿ 9 ಇಂಚು ಅಗಲವಿರಬೇಕೆಂದು ಹೇಳಿತು. ಗಾಲಿಯ ಅಗಲದ ಪ್ರಶ್ನೆ ಮೋಟಾರಿಗಿಂತ ಹಳೆಯದು.

ಮುಂದೆ ನಮ್ಮಲ್ಲಿ ಟೈರ್ ಗಾಡಿ ಬಂತು. ಮೇಲಿನ ನೊಗ, ಮೂಕಿ, ಹಲಗೆ ಎಲ್ಲವೂ ಅದೇ. ಕೆಳಗೆ ಮಾತ್ರ ಗಾಳಿ ತುಂಬಿದ ಅಗಲವಾದ ಚಕ್ರ. ಎತ್ತಿನ ಹೆಗಲಿಗೂ ಹಗುರವಾಯಿತು, ರಸ್ತೆಯೂ ಉಳಿಯಿತು. ತಮಿಳುನಾಡಿನ ತಿರುವಾರೂರಿನಲ್ಲಿ ಇನ್ನೂ ದೊಡ್ಡ ಬದಲಾವಣೆ ನಡೆಯಿತು. ಅಲ್ಲಿನ ತ್ಯಾಗರಾಜಸ್ವಾಮಿಯ ಮಹಾರಥಕ್ಕೆ ತಿರುಚಿನಾಪಳ್ಳಿಯ ಬಿ.ಎಚ್.ಇ.ಎಲ್. ಕಾರ್ಖಾನೆ ಕಬ್ಬಿಣದ ಗಾಲಿ, ಅಚ್ಚು, ಹೈಡ್ರಾಲಿಕ್ ಬ್ರೇಕು ಮಾಡಿಕೊಟ್ಟಿತು. ತೇರು ಎಳೆಯುವ ಭಕ್ತರು ತಲೆಯೆತ್ತಿ ನೋಡಿದರೆ ಅದೇ ಪುರಾತನ ರಥ. ತಲೆ ತಗ್ಗಿಸಿದವರಿಗೆ ಮಾತ್ರ ಕಾರ್ಖಾನೆ ಕಾಣುತ್ತದೆ. ದೇವರ ರಥಕ್ಕೇ ಸಲ್ಲುವುದು ನಮ್ಮ ಪಿಕಪ್ಪಿಗೆ ಸಲ್ಲದೆ?

ನಮ್ಮ ಪಿಕಪ್ಪೆಂದರೆ ತಂದೆಯವರ ಕಾಲದ ಮಹೀಂದ್ರ ಎಫ್‌ಸಿ 150. ಮುಂಬಯಿಯಲ್ಲಿ 1947ರಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರುಮಾಡಿದ ಮಹೀಂದ್ರ, 1965ರಲ್ಲಿ ಈ ಮಾದರಿಯನ್ನು ಇಲ್ಲಿ ತಂದಿತು. ಮೂತಿಯಿಲ್ಲದೆ, ಡ್ರೈವರು ಎಂಜಿನ್ನಿನ ಪಕ್ಕದಲ್ಲೇ ಕೂರುವ ಗಾಡಿ. ಇದರ ಮೂಲ ಅಮೆರಿಕದ್ದು. ಅಲ್ಲಿ ಮೊದಲು ಬಂದಾಗ ಎಡಬಲ ಗಾಲಿಗಳ ನಡುವಿನ ಅಂತರ ಕೇವಲ 48 ಇಂಚು. ಎತ್ತರದ ಗಾಡಿಗೆ ಇದು ಸಾಲದೆಂದು 1958ರಲ್ಲಿ ತಯಾರಕರೇ ಅದನ್ನು 57 ಇಂಚಿಗೆ ಹಿಗ್ಗಿಸಿದರು. ಅಂದರೆ ಕಾಲು ಅಗಲಿಸಿ ನಿಲ್ಲಬೇಕೆಂಬ ಬುದ್ಧಿ ಈ ಗಾಡಿಯ ವಂಶದಲ್ಲೇ ಇದೆ.

ಪಟ್ಟಂದೂರು ಅಗ್ರಹಾರದಲ್ಲಿ ಹೊಲ ತೋಟಗಳಿದ್ದ ದಿನಗಳಲ್ಲಿ ಈ ಗಾಡಿ ತರಕಾರಿ ಹೊತ್ತು ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗುತ್ತಿತ್ತು. 1990ರ ದಶಕದಲ್ಲಿ ಟೆಕ್ ಪಾರ್ಕ್ ಎದ್ದಿತು, 2023ರ ಮಾರ್ಚಿಯಲ್ಲಿ ಮೆಟ್ರೋ ಬಂತು. ಗಾಡಿ ಮಾತ್ರ ಅಣ್ಣನ ಮನೆಯ ಶೆಡ್ಡಿನಲ್ಲಿ ಉಳಿಯಿತು. ಈಚೆಗೆ ಟೈರು ಹಾಕಿಸಲು ಹೊರಟಾಗ ಮನೆಯಲ್ಲಿ ಎರಡು ಪಕ್ಷವಾಯಿತು. ಅಣ್ಣನ ಮಗನಿಗೆ ಹೊಳೆಯುವ ಅಲಾಯ್ ಚಕ್ರ ಬೇಕು. ಅಣ್ಣನಿಗೆ ಒಂದು ನಟ್ಟೂ ಬದಲಾಗಬಾರದು. "ನೀನೇ ಹೇಳಮ್ಮ, ಟೀಚರಲ್ಲವೆ?" ಎಂದು ಅಣ್ಣ ನನ್ನ ಕಡೆ ತಿರುಗಿದ.

ಗ್ಯಾರೇಜಿನವರು ಕಬ್ಬಿಣದ ಚಕ್ರಕ್ಕೆ ಡಿಸ್ಕ್ ಎನ್ನುತ್ತಾರೆ. ಈಗಿನ ಅಗಲದ ರೇಡಿಯಲ್ ಟೈರು ಹಳೆಯ ಕಿರಿದಾದ ಡಿಸ್ಕಿನ ಮೇಲೆ ಸರಿಯಾಗಿ ಕೂರುವುದಿಲ್ಲ, ಮಧ್ಯದಲ್ಲಿ ಉಬ್ಬಿ ಅಲ್ಲೇ ಸವೆಯುತ್ತದೆ. ಹಾಗೆಂದು ಡಿಸ್ಕನ್ನು ಬೇಕಾದಷ್ಟು ಅಗಲ ಮಾಡುವಂತಿಲ್ಲ. ಚಕ್ರ ಒಳಕ್ಕೆ ಸರಿದರೆ ಪಟ್ಟೆ ಸ್ಪ್ರಿಂಗಿಗೋ ಸ್ಟಿಯರಿಂಗ್ ಕಂಬಿಗೋ ಉಜ್ಜುತ್ತದೆ. ಹೊರಕ್ಕೆ ಸರಿದರೆ ಬೇರಿಂಗಿನ ಮೇಲೆ ಹೊರೆ. ನೀರಿನ ಬಕೆಟ್ಟನ್ನು ಮೈಗೆ ಹತ್ತಿರ ಹಿಡಿದು ನೋಡಿ, ಕೈ ಚಾಚಿ ಹಿಡಿದು ನೋಡಿ, ವ್ಯತ್ಯಾಸ ತಿಳಿಯುತ್ತದೆ. ಆದ್ದರಿಂದ 5 ಇಂಚಿನದನ್ನು 6 ಮಾಡಿದರೆ ಅರ್ಧ ಇಂಚು ಒಳಗೆ, ಅರ್ಧ ಇಂಚು ಹೊರಗೆ ಹಂಚಬೇಕು. ಬೋಲ್ಟಿನ ತೂತು, ವ್ಯಾಸ, ನಡುವಿನ ಮುಚ್ಚಳ ಮೊದಲಿನಂತೆಯೇ ಇರಬೇಕು. ಭಾರ ತಡೆಯುವಂತೆ ಕಾರ್ಖಾನೆಯಲ್ಲೇ ತಯಾರಾದದ್ದಾಗಬೇಕು. ಹಳೆಯದನ್ನೇ ಕತ್ತರಿಸಿ ಪಟ್ಟಿ ಬೆಸೆದದ್ದು ಸ್ವಲ್ಪ ಸೊಟ್ಟಗಾದರೂ ವೇಗದಲ್ಲಿ ಗಾಡಿಯೇ ನಡುಗುತ್ತದೆ.

ಇನ್ನು ಕಾಯಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ತಯಾರಕರು ಕೊಟ್ಟ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಯನ್ನು ತಡೆಯುತ್ತದೆ. ಆರ್.ಟಿ.ಓ. ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಲೇಸು. 2021ರ ಜುಲೈಯಲ್ಲಿ ಪುರಾತನ ವಾಹನಗಳಿಗೆಂದೇ ಕೇಂದ್ರದ ನಿಯಮ ಬಂತು. 50 ವರ್ಷ ದಾಟಿದ, ಸ್ವಂತ ಬಳಕೆಯ ವಾಹನದ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿದ್ದರೆ ಅದಕ್ಕೆ 'ವಿಎ' ಎಂಬ ಅಕ್ಷರಗಳ ನಂಬರು ಸಿಗುತ್ತದೆ. ಆದರೆ ಅದನ್ನು ದಿನಬಳಕೆಗೆ ಓಡಿಸುವಂತಿಲ್ಲ, ಬಾಡಿಗೆ ವ್ಯಾಪಾರಕ್ಕಂತೂ ಕೂಡದು. ನಿಯಮದ ಉದ್ದೇಶ ಒಳ್ಳೆಯದೇ. ಆದರೂ ನನ್ನ ಮನಸ್ಸಿನಲ್ಲಿ ಒಂದು ಮಾತು ಕೊರೆಯುತ್ತದೆ. ಸವಾರಿಯ ಕಾರಿಗೆ ಚರಿತ್ರೆಯಲ್ಲಿ ಕುರ್ಚಿ ಸಿಕ್ಕಿತು, ಇಟ್ಟಿಗೆ, ಮರಳು, ಸೊಪ್ಪು ಹೊತ್ತು ಈ ನಗರವನ್ನು ಸಾಕಿದ ಗಾಡಿಗೆ ನಿಲ್ಲಲೂ ಜಾಗವಿಲ್ಲ. ದುಡಿಮೆಯ ಗಾಡಿಯನ್ನು ಉಳಿಸಿಕೊಳ್ಳುವ ಹೊಣೆ ಮನೆಯವರದೇ ಆಗುತ್ತದೆ.

ಆದ್ದರಿಂದ ನಾನು ಹೇಳಿದ್ದು ಇಷ್ಟೇ: ಗಾಡಿ ಓಡಬೇಕು, ಮುಖ ಕೆಡಬಾರದು, ಬೇಕೆಂದಾಗ ಹಿಂದಿನಂತೆ ಮಾಡಲು ಬರಬೇಕು. ಕಚೇರಿಯಲ್ಲಿ ಕೇಳಿಕೊಂಡ ಮೇಲೆ ಅಣ್ಣ 6 ಇಂಚಿನ ಕಬ್ಬಿಣದ ಡಿಸ್ಕನ್ನೇ ಹಾಕಿಸಿದ, ಹಳೆಯ ಬಣ್ಣವನ್ನೇ ಬಳಿಸಿದ. ಸ್ಟೆಪ್ನಿಯೂ ಸೇರಿ ಐದೂ ಒಂದೇ ಅಳತೆ. ಅಂದ ಹಾಗೆ ಈ 'ಸ್ಟೆಪ್ನಿ' ಎಂಬುದು ವೇಲ್ಸಿನ ಲನೆಥ್ಲಿ ಊರಿನ ಒಂದು ಬೀದಿಯ ಹೆಸರು. 1904ರಲ್ಲಿ ಅಲ್ಲಿ ತಯಾರಾದ ಹೆಚ್ಚುವರಿ ಚಕ್ರದೊಂದಿಗೆ ಆ ಹೆಸರು ನಮ್ಮ ಹಳ್ಳಿಯ ಡ್ರೈವರನ ಬಾಯಿಗೂ ಬಂತು. ಬೀದಿ ಹೋಗಿ ಗಾಲಿಯಾಯಿತು, ಗಾಲಿ ಕನ್ನಡವಾಯಿತು.

ಕಳಚಿದ ಐದು ಡಿಸ್ಕುಗಳು ಎಣ್ಣೆ ಸವರಿಸಿಕೊಂಡು ಅಟ್ಟದ ಮೇಲಿವೆ. ಅಣ್ಣನ ಮಗ ಭಾನುವಾರ ಗಾಡಿ ತೆಗೆಯುತ್ತಾನೆ. ನೋಡಿದ ಹಳಬರು "ಹಾಗೇ ಇದೆಯಲ್ಲಪ್ಪ!" ಎನ್ನುತ್ತಾರೆ. ಹಾಗೇ ಇರಲು ಎಷ್ಟು ಬದಲಾಗಬೇಕಾಯಿತೆಂಬುದು ಓಡಿಸುವವನಿಗೆ ಗೊತ್ತು.